ಮಾಸ್ಟ್ರಲ್ಲಿ ಕೇಳಿ: ಟಾಮ್ ಆಂಡ್ ಜೆರ್ರಿ ಹಳತಾಗುವುದಿಲ್ಲ ಯಾಕೆ?

ಪ್ರಶ್ನೆ: ಮಾಸ್ಟ್ರೇ, ನನ್ನ ಮಗ ಸಣ್ಣವನಿದ್ದಾಗ ಶಾಲೆಯಿಂದ ಬಂದವನೇ ಟಾಮ್ ಆಂಡ್ ಜೆರ್ರಿ ಹಾಕುತ್ತಿದ್ದ. ಈಗ ಅವನ ಮಗನೂ ಮೊಬೈಲಿನಲ್ಲಿ ಅದನ್ನೇ ಹುಡುಕುತ್ತಾನೆ. ಹೊಸ ಕಾರ್ಟೂನು ಬೇಕಾದಷ್ಟಿದ್ದರೂ ಬೇಡ. ಆ ಬೆಕ್ಕು, ಇಲಿಯಲ್ಲಿ ಅಂಥದ್ದೇನಿದೆ? ಇಷ್ಟು ಹೊಡೆದಾಟ ನೋಡಿದರೆ ಮಗು ಹಾಳಾಗುವುದಿಲ್ವಾ?
– ಒಬ್ಬರು ಅಜ್ಜಿ, ಬದಿಯಡ್ಕ

ಉತ್ತರ: ಅಕ್ಕಾ, ಅದು ಟಿವಿಗೆಂದು ಮಾಡಿದ್ದೇ ಅಲ್ಲ. 1940ರಲ್ಲಿ ವಿಲಿಯಂ ಹನ್ನಾ, ಜೋಸೆಫ್ ಬಾರ್ಬೆರಾ ಎಂಬಿಬ್ಬರು ಎಂಜಿಎಂ ಎಂಬ ಅಮೆರಿಕದ ಸಿನಿಮಾ ಕಂಪೆನಿಯಲ್ಲಿ ಸುರುಮಾಡಿದ್ದು. ಟಾಕೀಸಿನಲ್ಲಿ ದೊಡ್ಡ ಸಿನಿಮಾದ ಜೊತೆ ತೋರಿಸುವ ಏಳೆಂಟು ನಿಮಿಷದ ಚಿತ್ರಗಳು. ದೊಡ್ಡವರೂ ನಗಬೇಕಿತ್ತು. ಮಕ್ಕಳಿಗೆ ಇಷ್ಟು ಸಾಕು ಅಂತ ಮಾಡಿದ ಕೆಲಸವಲ್ಲ. 7 ಆಸ್ಕರ್ ಸುಮ್ನೆ ಸಿಗುತ್ತದಾ?

ಮೊಮ್ಮಗನ ಜೊತೆ ಕೂತು ಪಿಯಾನೋದ ಕಂತು ನೋಡಿ, 1947ರಲ್ಲಿ ಬಂದದ್ದು. ಟಾಮ್ ಕರಿ ಕೋಟು ಹಾಕಿ, ಗತ್ತಿನಲ್ಲಿ ಬಂದು, ಲಿಸ್ಟ್ ಎಂಬ ಸಂಗೀತಗಾರನ ರಚನೆ ನುಡಿಸುತ್ತಾನೆ. ಪಿಯಾನೋದ ಒಳಗೆ ಜೆರ್ರಿಗೆ ಒಳ್ಳೆ ನಿದ್ದೆ. ನಿದ್ದೆ ಕೆಟ್ಟ ಸಿಟ್ಟಿಗೆ ಒಂದೊಂದೇ ಕಿತಾಪತಿ. ಬೆರಳಿನಿಂದ ಒತ್ತುವ ಬಿಳಿ ಕೀಲಿಗಳ ಜಾಗದಲ್ಲಿ ಇಲಿಬೋನು ಇಟ್ಟುಬಿಡುತ್ತಾನೆ. ಟಾಮ್ ಬೆರಳು ಪಟ್ಟನೆ ಸಿಕ್ಕಿಬೀಳುತ್ತದೆ. ಸಭೆಯ ಎದುರು ಮರ್ಯಾದೆಯ ಪ್ರಶ್ನೆ, ನಿಲ್ಲಿಸುವ ಹಾಗಿಲ್ಲ. ನೋವು ನುಂಗಿಕೊಂಡು ನುಡಿಸುತ್ತಲೇ ಇರುತ್ತಾನೆ. ಕೊನೆಗೆ ಸುಸ್ತಾಗಿ ಕುಸಿದರೆ ಚಪ್ಪಾಳೆ ಯಾರಿಗೆ? ಜೆರ್ರಿಗೆ! ನನಗೆ ನಗು ಬರುವುದು ಟಾಮ್ ಆ ಗತ್ತು ಬಿಡದೆ ಕೂತಿರುವುದಕ್ಕೆ.

ಸ್ಕಾಟ್ ಬ್ರಾಡ್ಲಿ ಎಂಬವರ ಸಂಗೀತವನ್ನೂ ಗಮನಿಸಿ. ಬೆಕ್ಕು ಹೆಜ್ಜೆ ಇಟ್ಟಲ್ಲೆಲ್ಲ ವಾದ್ಯವೂ ಹೆಜ್ಜೆ ಇಡುತ್ತದೆ. ನಮ್ಮ ತೆಂಕುತಿಟ್ಟಿನ ಯಕ್ಷಗಾನ ಆಟದಲ್ಲಿ ಹಾಸ್ಯಗಾರ ಎಡವಿದ ಕೂಡಲೇ ಚೆಂಡೆ ಪೆಟ್ಟು ಬೀಳಬೇಕಲ್ಲ, ಹಾಗೆ. ಒಂಚೂರು ತಡವಾದರೂ ಯಾರೂ ನಗಲಿಕ್ಕಿಲ್ಲ.

ಮಾತಂತೂ ಇಲ್ಲವೆಂದೇ ಹೇಳಬೇಕು. ನಮ್ಮ ಕಡೆಗೆ ಇದಕ್ಕಿಂತ ಅನುಕೂಲ ಇನ್ನೇನು? ನಮ್ಮ ಮನೆಗೆ ಅಡಿಕೆ ಸುಲಿಯಲು ಬರುವವರದ್ದು ತುಳು, ಪಕ್ಕದ ಮನೆ ಹುಡುಗಿಯದ್ದು ಮಲಯಾಳ, ಮೊಮ್ಮಗಳದ್ದು ಕನ್ನಡ. ಟಾಮ್ ಕಿರುಚಿದ ಕೂಡಲೇ ಕತ್ತಿ ಹಿಡಿದ ಕೈಗಳೆಲ್ಲ ನಿಲ್ಲುತ್ತವೆ. ಸುಲಿದ ಅಡಿಕೆ ಕಮ್ಮಿಯಾಗುವುದು ನನ್ನ ಕರ್ಮ! ಅಂದ ಹಾಗೆ, ಆ ಕಿರುಚಾಟ ಹನ್ನಾ ಅವರದ್ದೇ ಸ್ವರ.

ಹಾಳಾಗುವ ವಿಷಯ. ಚಪ್ಪಟೆಯಾದ ಬೆಕ್ಕು ಮತ್ತೆ ಎದ್ದು ಓಡುವುದು ತಮಾಷೆಗೆ ಅಂತ ಶಾಲೆಗೆ ಹೋಗುವ ಮಕ್ಕಳಿಗೆ ಗೊತ್ತಿರುತ್ತದೆ. ತೀರಾ ಸಣ್ಣವನಾದರೆ ಪಕ್ಕದಲ್ಲಿ ಕೂತುಕೊಳ್ಳಿ. ನನಗೆ ಕಿರಿಕಿರಿ ಬೇರೆ ಕಡೆ. ಹಳೇ ಕೆಲವು ಕಂತುಗಳಲ್ಲಿ ಕಪ್ಪು ಜನರನ್ನು ಆಡಿಕೊಂಡಿದ್ದಾರೆ. ಮನೆಕೆಲಸದ ಕಪ್ಪು ಹೆಂಗಸಿನ ಕಾಲು ಕಾಣುತ್ತದೆ, ಮುಖ ಕಾಣುವುದು ಅಪರೂಪ. ಅದು ಸರಿಯಲ್ಲ ಅಂತ ಅವನಿಗೆ ಹೇಳಲೇಬೇಕು.

ಪ್ರಶ್ನೆ: ಯೋಗಿ ಕರಡಿ, ಫ್ಲಿಂಟ್‌ಸ್ಟೋನ್ಸ್ ಕಾರ್ಟೂನು ಮಾಡಿದವರೂ ಹನ್ನಾ, ಬಾರ್ಬೆರಾ ಅವರೇ ಅಂತೆ. ಅವುಗಳಲ್ಲಿ ಟಾಮ್ ಆಂಡ್ ಜೆರ್ರಿಯ ಆ ಓಟ ಯಾಕಿಲ್ಲ?
– ಕಾಲೇಜು ವಿದ್ಯಾರ್ಥಿ, ಮಂಜೇಶ್ವರ

ಉತ್ತರ: ದುಡ್ಡಿರಲಿಲ್ಲ ಮಾರಾಯ. 1957ರಲ್ಲಿ ಎಂಜಿಎಂನವರು ಕಾರ್ಟೂನ್ ವಿಭಾಗ ಮುಚ್ಚಿದರು. ಇವರಿಬ್ಬರೂ ಸ್ವಂತ ಕಂಪೆನಿ ಮಾಡಿ ಟಿವಿಗೆ ಇಳಿದರು. ಟಿವಿಯವರು ಕೊಡುವುದು ಕಮ್ಮಿ, ಅವಸರ ಜಾಸ್ತಿ. ಯೋಗಿಯ ಕೊರಳಲ್ಲಿ ಕಾಲರು, ಟೈ ನೋಡಿದ್ದೀಯಲ್ಲ? ಅದರಿಂದ ಮೇಲೆ ತಲೆ ಮಾತ್ರ ಹೊಸದಾಗಿ ಬಿಡಿಸುವುದು, ಮೈ ಹಿಂದಿನ ಚಿತ್ರದ್ದೇ. ಓಟ ಕಮ್ಮಿಯಾದ ಜಾಗಕ್ಕೆ ಮಾತು ಬಂತು. 1960ರ ಫ್ಲಿಂಟ್‌ಸ್ಟೋನ್ಸ್ ಪೂರ್ತಿ ಮಾತಿನ ಮೇಲೇ ನಿಂತದ್ದು. ಫ್ರೆಡ್, ಬಾರ್ನಿ ಜಗಳ ನನಗೂ ಇಷ್ಟವೇ. ಆದರೆ ಇಂಗ್ಲಿಷ್ ಬಾರದವರ ಜೊತೆ ಕೂತು ನೋಡಿದರೆ ಅರ್ಧ ರುಚಿ ಅಲ್ಲೇ ಹೋಗುತ್ತದೆ.