ಕುತ್ತಿಗೆಯ ನಾಳ ಕಿರಿದಾದಾಗ: ಒಂದು ಗುಳಿಗೆಯೋ, ಎರಡೋ?

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಮ್ಮ ತಂದೆಗೆ 64 ವರ್ಷ. ಮೂರು ದಿನದ ಹಿಂದೆ ಊಟಕ್ಕೆ ಕೂತಾಗ ಬಲಗೈ ಸೋತು ರೊಟ್ಟಿ ಮುರಿಯಲು ಆಗಲಿಲ್ಲ, ಮಾತೂ ತೊದಲಿತು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಕುತ್ತಿಗೆಯ ಡಾಪ್ಲರ್‌ನಲ್ಲಿ ಎಡಗಡೆ ನಾಳ 60 ಪರ್ಸೆಂಟ್ ಕಿರಿದಾಗಿದೆ ಎಂದು ಬಂತು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ಕೊಟ್ಟು, 21 ದಿನದ ಮೇಲೆ ಒಂದನ್ನು ನಿಲ್ಲಿಸಿ ಎಂದಿದ್ದಾರೆ. ಪಕ್ಕದ ಮನೆಯ ಕಾಕಾ ಅವರಿಗೂ ಕುತ್ತಿಗೆಯದೇ ತೊಂದರೆ, ಆದರೆ ಒಂದೇ ಗುಳಿಗೆ. ಸೋದರಮಾವನಿಗೆ ಅಸಿಟ್ರೋಮ್. ಎರಡು ಗುಳಿಗೆ ಕಾಯಂ ನುಂಗಿದರೆ ಇನ್ನೂ ಒಳ್ಳೆಯದಲ್ಲವೇ?
– ಓದುಗರು, ಸಿಂಧನೂರು

ಉತ್ತರ: ಮೂವರ ಗುಳಿಗೆಯೂ ಅವರವರ ಕಾಯಿಲೆಗೆ ತಕ್ಕದ್ದೇ ಇರಬಹುದು. ‘ರಕ್ತ ತೆಳ್ಳಗೆ ಮಾಡುವ ಗುಳಿಗೆ’ ಎಂದು ನಾವೆಲ್ಲ ಒಂದೇ ಹೆಸರಿನಿಂದ ಕರೆಯುವುದರಿಂದ ಈ ಗೊಂದಲ. ನಿಜದಲ್ಲಿ ಇವು ಎರಡು ಬೇರೆ ಜಾತಿಯ ಔಷಧ, ಮತ್ತು ಯಾವುದೂ ರಕ್ತವನ್ನು ನೀರಾಗಿಸುವುದಿಲ್ಲ.

ದವಡೆಯ ಮೂಲೆಯ ಕೆಳಗೆ ಕುತ್ತಿಗೆಯ ದೊಡ್ಡ ನಾಳ ಎರಡು ಕವಲಾಗುತ್ತದೆ. ಕೊಬ್ಬು ಕಟ್ಟುವುದು ಹೆಚ್ಚಾಗಿ ಆ ಕವಲಿನಲ್ಲೇ. ಆ ಕೊಬ್ಬಿನ ಪದರ ಬಿರುಕು ಬಿಟ್ಟರೆ ಪ್ಲೇಟ್‌ಲೆಟ್‌ಗಳು ಬಂದು ಅಂಟಿ ಚಿಕ್ಕ ಗಡ್ಡೆಯಾಗುತ್ತವೆ. ಅದರ ಚೂರು ಮೆದುಳಿಗೆ ಹೋಗಿ ಸಿಕ್ಕಿಕೊಂಡಿತೆಂದರೆ ಕೈ ಸೋಲುತ್ತದೆ, ಕರಗಿದರೆ ಮತ್ತೆ ಬಲ ಬರುತ್ತದೆ. ನಿಮ್ಮ ತಂದೆಗೆ ಆಗಿರುವುದು ಬಹುಶಃ ಇದೇ. ಇಲ್ಲಿ ತಡೆಯಬೇಕಾದದ್ದು ಪ್ಲೇಟ್‌ಲೆಟ್ ಅಂಟುವುದನ್ನು. ಅದಕ್ಕೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್. ಸೋದರಮಾವನಿಗೆ ಎದೆಬಡಿತದ ತಾಳ ತಪ್ಪಿರಬಹುದು, ಇಲ್ಲವೇ ಹೃದಯಕ್ಕೆ ಕೃತಕ ಕವಾಟ ಹಾಕಿರಬಹುದು. ಅಂಥ ಹೃದಯದಲ್ಲಿ ಗಡ್ಡೆ ಕಟ್ಟುವ ಬಗೆಯೇ ಬೇರೆ, ಅದನ್ನು ತಡೆಯುವುದು ಅಸಿಟ್ರೋಮ್, ವಾರ್ಫರಿನ್‌ನಂಥವು. ಕುತ್ತಿಗೆಯ ನಾಳ ಕಿರಿದಾಗಿದೆ ಎಂಬ ಒಂದೇ ಕಾರಣಕ್ಕೆ ಅವನ್ನು ಕೊಡುವುದಿಲ್ಲ.

ಇನ್ನು ಒಂದೋ ಎರಡೋ ಎಂಬುದು. ಕಾಕಾ ಅವರಿಗೆ ಯಾವ ಲಕ್ಷಣವೂ ಕಾಣಿಸಿಕೊಂಡಿಲ್ಲದಿದ್ದರೆ ಸಾಮಾನ್ಯವಾಗಿ 75 ಮಿ.ಗ್ರಾಂ ಆಸ್ಪಿರಿನ್ ಒಂದೇ ಸಾಕು, ಜೊತೆಗೆ ಕೊಲೆಸ್ಟ್ರಾಲ್ ಗುಳಿಗೆ. ನಿಮ್ಮ ತಂದೆಗೆ ಈಗಷ್ಟೇ ಎಚ್ಚರಿಕೆ ಬಂದಿದೆ. ಪೂರ್ತಿ ಲಕ್ವಾ ಹೊಡೆಯುವ ಅಪಾಯ ಮೊದಲ ದಿನಗಳಲ್ಲೇ ಅತಿ ಹೆಚ್ಚು. ಆದ್ದರಿಂದ ಸಿಟಿ ಸ್ಕ್ಯಾನ್‌ನಲ್ಲಿ ಮೆದುಳಿನಲ್ಲಿ ರಕ್ತಸ್ರಾವ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆದಷ್ಟೂ 24 ತಾಸಿನೊಳಗೆ ಎರಡನ್ನೂ ಶುರುಮಾಡುತ್ತಾರೆ. ಕ್ಲೊಪಿಡೊಗ್ರೆಲ್ ಮೊದಲ ದಿನ 300 ಮಿ.ಗ್ರಾಂ, ಆಮೇಲೆ ದಿನಕ್ಕೆ 75. ಲಕ್ವಾ ದೊಡ್ಡದಾಗಿ ಹೊಡೆದಿದ್ದರೆ ಎರಡನ್ನು ಕೊಡಲು ಹಿಂಜರಿಯುತ್ತಾರೆ, ಏಕೆಂದರೆ ಪೆಟ್ಟು ತಿಂದ ಮೆದುಳಿನ ಭಾಗದಲ್ಲಿ ರಕ್ತ ಒಸರಬಹುದು.

ಈ 21 ದಿನ ಸುಮ್ಮನೆ ಹಾಕಿದ ಲೆಕ್ಕವಲ್ಲ. 2013ರಲ್ಲಿ ಪ್ರಕಟವಾದ ಚೀನಾದ ಅಧ್ಯಯನದಲ್ಲಿ, ಇಂಥ ಸಣ್ಣ ಪೆಟ್ಟು ತಿಂದ 5,170 ಜನರನ್ನು 90 ದಿನ ಗಮನಿಸಿದರು. ಆಸ್ಪಿರಿನ್ ಒಂದನ್ನೇ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 12 ಜನರಿಗೆ ಮತ್ತೆ ಲಕ್ವಾ ಹೊಡೆಯಿತು. ಮೊದಲ 21 ದಿನ ಎರಡೂ ತೆಗೆದುಕೊಂಡವರಲ್ಲಿ ಸುಮಾರು 8 ಜನರಿಗೆ. 2018ರ ಇನ್ನೊಂದು ಅಧ್ಯಯನದಲ್ಲಿ ಎರಡನ್ನೂ 90 ದಿನ ಕೊಟ್ಟಾಗ ದೊಡ್ಡ ರಕ್ತಸ್ರಾವ ಎರಡು ಪಟ್ಟಿಗೂ ಹೆಚ್ಚಾಯಿತು. ಲಾಭವೆಲ್ಲ ಮೊದಲ ವಾರಗಳಲ್ಲಿ, ಅಪಾಯ ಮಾತ್ರ ನುಂಗಿದಷ್ಟು ದಿನವೂ. ಹಾಗಾಗಿ ಕಾಯಂ ಬೇಡ. ಯಾವ ಗುಳಿಗೆ, ಯಾವ ತಾರೀಖಿಗೆ ನಿಲ್ಲಬೇಕು ಎಂಬುದನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಉಳಿದ ಒಂದು ಮಾತ್ರ ನಿಲ್ಲಬಾರದು.

ಗುಳಿಗೆಗಿಂತಲೂ ತುರ್ತಾದ ಮಾತು ಇನ್ನೊಂದಿದೆ. ಪತ್ರಿಕೆ ಅಚ್ಚಾಗುವವರೆಗೆ ಕಾಯಬಾರದೆಂದು ಇವರಿಗೆ ಮೊದಲೇ ತಿಳಿಸಿದ್ದೇವೆ. ಲಕ್ಷಣಕ್ಕೆ ಕಾರಣವಾದ ನಾಳ (ಬಲಗೈ ಸೋತಿದ್ದರೆ ಎಡಗಡೆಯದು) ಶೇ. 70ಕ್ಕಿಂತ ಹೆಚ್ಚು ಕಿರಿದಾಗಿದ್ದರೆ ಅಲ್ಲಿನ ಕೊಬ್ಬು ತೆಗೆಯುವ ಆಪರೇಷನ್ನಿನಿಂದ ಸ್ಪಷ್ಟ ಲಾಭವಿದೆ, ಶೇ. 50ರಿಂದ 69ರವರೆಗೂ ಹಲವರಿಗೆ, ಅದರಲ್ಲೂ ಗಂಡಸರಿಗೆ, ಲಾಭವುಂಟು. ಆದರೆ ಅದು ಎರಡು ವಾರದೊಳಗೆ ಆಗಬೇಕು. 21 ದಿನ ಮುಗಿಯಲಿ ಎಂದು ಕೂರದೆ ಈಗಲೇ ರಕ್ತನಾಳದ ಸರ್ಜನ್‌ಗೆ ತೋರಿಸಿ. ಆಪರೇಷನ್ ಇದೆಯೆಂದು ಆಸ್ಪಿರಿನ್ ಬಿಡಬೇಡಿ. ಸ್ಟೆಂಟ್ ಹಾಕಿದರೆ ಎರಡೂ ಗುಳಿಗೆ ಕನಿಷ್ಠ ನಾಲ್ಕು ವಾರ ಬೇಕು. ಆಗ ತಾರೀಖು ಬದಲಾಗುತ್ತದೆ.

ಸ್ಟ್ರಿಪ್ಪನ್ನೂ ತಿರುಗಿಸಿ ನೋಡಿ. ಹೆಸರಿನ ಕೊನೆಗೆ ‘ಎ’, ‘ಎವಿ’, ‘ಗೋಲ್ಡ್’ ಎಂಬ ಬಾಲವಿದ್ದರೆ ಒಂದೇ ಗುಳಿಗೆಯಲ್ಲಿ ಎರಡು–ಮೂರು ಔಷಧ ಸೇರಿರುವುದುಂಟು. ಅಂಥದ್ದರ ಜೊತೆ ಬೇರೆ ಆಸ್ಪಿರಿನ್ ನುಂಗಿದರೆ ಡೋಸ್ ಎರಡಾಗುತ್ತದೆ. ಒಂದನ್ನು ನಿಲ್ಲಿಸಬೇಕಾದಾಗ ಹೀಗೆ ಸೇರಿದ ಗುಳಿಗೆಯನ್ನೇ ಬಿಟ್ಟು, ಎರಡೂ ತಪ್ಪಿಹೋಗುವುದೂ ಉಂಟು. ಅಂಗಡಿಯಲ್ಲಿ ನಾಲ್ಕೇ ಗುಳಿಗೆ ಕತ್ತರಿಸಿ ಕೊಟ್ಟರೆ ಆ ಬರಹವೇ ಸಿಗದು. ಇಡೀ ಸ್ಟ್ರಿಪ್ ಕೇಳಿ.

ಪ್ರಶ್ನೆ: ನಮ್ಮ ಅತ್ತೆಯವರು ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುತ್ತಾರೆ. ಎದೆಯುರಿಗೆ ಅಂಗಡಿಯವರು ಒಮೆಪ್ರಜೋಲ್ ಕೊಟ್ಟಿದ್ದಾರೆ, ಮೊಣಕಾಲು ನೋವಿಗೆ ಡೈಕ್ಲೊಫೆನಾಕ್. ಈಗ ಹಲ್ಲು ಕೀಳಿಸಬೇಕು. ಐದು ದಿನ ಗುಳಿಗೆ ಬಿಡಬೇಕೆಂದು ನೆಂಟರು ಹೇಳುತ್ತಾರೆ.
– ಓದುಗರು, ಗಂಗಾವತಿ

ಉತ್ತರ: ಬಿಡಬೇಡಿ. ಹಲ್ಲು ಕಿತ್ತ ಜಾಗದಿಂದ ಸುರಿಯುವ ರಕ್ತವನ್ನು ಗಾಜ್ ಕಚ್ಚಿಸಿ, ಬೇಕಾದರೆ ಒಂದು ಹೊಲಿಗೆ ಹಾಕಿ ನಿಲ್ಲಿಸಬಹುದು. ಮೆದುಳಿಗೆ ಹೋದ ಗಡ್ಡೆಯನ್ನು ಹಾಗೆ ನಿಲ್ಲಿಸಲಾಗದು. ಗುಳಿಗೆಯ ವಿಷಯ ದಂತವೈದ್ಯರಿಗೆ ಮುಂಚೆಯೇ ಹೇಳಿ.

ಕ್ಲೊಪಿಡೊಗ್ರೆಲ್ ನುಂಗಿದ ಕೂಡಲೇ ಕೆಲಸ ಮಾಡುವ ಔಷಧವಲ್ಲ. ಯಕೃತ್ತಿನ ಒಂದು ಕಿಣ್ವ ಅದನ್ನು ಬದಲಿಸಿದ ಮೇಲೆಯೇ ಪರಿಣಾಮ. ಒಮೆಪ್ರಜೋಲ್, ಎಸೊಮೆಪ್ರಜೋಲ್ ಆ ಕಿಣ್ವಕ್ಕೇ ಅಡ್ಡ ಬರುತ್ತವೆ. ಪ್ಯಾಂಟೊಪ್ರಜೋಲ್‌ಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ನಮಗೆ ಹೆಚ್ಚು ಚಿಂತೆ ಡೈಕ್ಲೊಫೆನಾಕ್‌ನದು: ಅದೂ ಕ್ಲೊಪಿಡೊಗ್ರೆಲ್ಲೂ ಕೂಡಿದರೆ ಹೊಟ್ಟೆಯಲ್ಲಿ ರಕ್ತ ಸೋರುವ ಸಂಭವ ಹೆಚ್ಚು. ನೋವಿಗೆ ಪ್ಯಾರಾಸಿಟಮಾಲ್ ವಾಸಿ. ಮಲ ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಹೃದಯದ ತೊಂದರೆಗೆ ವಾರ್ಫರಿನ್ ತೆಗೆದುಕೊಳ್ಳುತ್ತೇನೆ. ಪುಂಡಿಪಲ್ಯ ಪೂರ್ತಿ ಬಿಡಬೇಕೇ?
– ಓದುಗರು, ಬಳ್ಳಾರಿ

ಉತ್ತರ: ಬೇಡ. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ಗೆ ಎದುರು, ನಿಜ. ಆದರೆ ತೊಂದರೆ ಮಾಡುವುದು ಸೊಪ್ಪಲ್ಲ, ಏರುಪೇರು. ಒಂದು ವಾರ ದಿನಾ ಪುಂಡಿ, ಮೆಂತ್ಯ ತಿಂದು ಮುಂದಿನ ವಾರ ಮುಟ್ಟದಿದ್ದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ರಕ್ತಪರೀಕ್ಷೆಯ ಅಂಕಿ) ಇಳಿದು ಏರುತ್ತದೆ. ದಿನಕ್ಕೆ ಒಂದು ಸೌಟು ಎಂದರೆ ದಿನವೂ ಒಂದೇ ಸೌಟು. ತಾಳ ತಪ್ಪಿದ ಎದೆಬಡಿತಕ್ಕಾದರೆ ಐಎನ್‌ಆರ್ 2ರಿಂದ 3ರೊಳಗಿರಬೇಕು. ಕೃತಕ ಕವಾಟವಿದ್ದರೆ ಕೆಲವರಿಗೆ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ಹೊಸ ಆಂಟಿಬಯೋಟಿಕ್ ಶುರುಮಾಡಿದಾಗ ಮೂರು–ನಾಲ್ಕು ದಿನದಲ್ಲೇ ಮತ್ತೆ ಪರೀಕ್ಷೆ ಮಾಡಿಸಿ.