ಕವರ್ ಹಾಡಿನ ವಿಡಿಯೊಗೆ ಅನುಮತಿ ಯಾರಿಂದ ಪಡೆಯಬೇಕು?

ಮಾನ್ಯರೇ, ಜನಪ್ರಿಯ ಹಾಡೊಂದನ್ನು ಕರೋಕೆ ಟ್ರ್ಯಾಕಿಗೆ (ಗಾಯನವಿಲ್ಲದ ವಾದ್ಯಸಂಗೀತಕ್ಕೆ) ಹಾಡಿ, ಅಂದರೆ ಕವರ್ ಮಾಡಿ, ಯೂಟ್ಯೂಬಿನಲ್ಲಿ ಹಾಕಲು ಮೂಲ ಗಾಯಕರ ಒಪ್ಪಿಗೆ ಸಾಕೇ ಎಂದು ಕೇಳಿದ್ದೀರಿ. ಸಾಲದು, ಬಹುತೇಕ ಸಂದರ್ಭಗಳಲ್ಲಿ ಆ ಒಪ್ಪಿಗೆ ಕೊಡುವ ಅಧಿಕಾರವೇ ಗಾಯಕರಿಗೆ ಇರುವುದಿಲ್ಲ.

ಒಂದು ಹಾಡಿನಲ್ಲಿ ಎರಡು ಪ್ರತ್ಯೇಕ ಸ್ವತ್ತುಗಳಿರುತ್ತವೆ. ಸಾಹಿತ್ಯ ಮತ್ತು ಸಂಗೀತ ಸಂಯೋಜನೆಯ ಹಕ್ಕು ಮೊದಲಿಗೆ ಅದನ್ನು ರಚಿಸಿದವರದಾದರೂ ಕರಾರಿನ ಮೂಲಕ ಸಾಮಾನ್ಯವಾಗಿ ಸಂಗೀತ ಪ್ರಕಾಶನ ಸಂಸ್ಥೆಯ ಕೈಸೇರಿರುತ್ತದೆ. ಧ್ವನಿಮುದ್ರಣದ ಹಕ್ಕು, ಅಂದರೆ ಮಾಸ್ಟರ್, ಹೆಚ್ಚಾಗಿ ಆಡಿಯೊ ಕಂಪನಿಯದು. 1985ರಲ್ಲಿ ಮೈಕೆಲ್ ಜಾಕ್ಸನ್ ಎಟಿವಿ ಸಂಸ್ಥೆಯ ಸಂಗೀತ ಪ್ರಕಾಶನ ವಿಭಾಗವನ್ನು ಕೊಂಡಾಗ ಬೀಟಲ್ಸ್ ತಂಡದ ಬಹುಪಾಲು ಹಾಡುಗಳ ರಚನೆಯ ಹಕ್ಕು ಅವರಿಗೆ ಬಂದಿತೇ ಹೊರತು, ಧ್ವನಿಮುದ್ರಣಗಳ ಹಕ್ಕು ಆಡಿಯೊ ಕಂಪನಿಯಾದ ಇಎಂಐ ಬಳಿಯೇ ಉಳಿಯಿತು.

ನಿಮ್ಮ ಕರೋಕೆ ಟ್ರ್ಯಾಕ್ ಮೂಲ ಮುದ್ರಣವಲ್ಲ, ಆದರೆ ಅದೂ ಒಂದು ಧ್ವನಿಮುದ್ರಣವೇ ಆದ್ದರಿಂದ ಅದಕ್ಕೆ ಬೇರೆಯೇ ಒಡೆಯರಿರುತ್ತಾರೆ. ಹಣ ಕೊಟ್ಟು ಕೊಂಡಿದ್ದರೂ ಖಾಸಗಿ ಬಳಕೆಗೆ ಮಾತ್ರ ಎಂಬ ಷರತ್ತು ಇರಬಹುದು, ಓದಿ ನೋಡಿ. ವಾದ್ಯಗಳನ್ನು ನೀವೇ ನುಡಿಸಿದರೆ ಈ ತೊಡಕೇ ಬರುವುದಿಲ್ಲ. ನನ್ನ ಸಲಹೆಯೂ ಅದೇ.

ಇನ್ನು ರಚನೆಯ ಹಕ್ಕು. ಹಾಡನ್ನು ದೃಶ್ಯದೊಂದಿಗೆ ಜೋಡಿಸಲು ಬೇಕಾಗುವ ಸಿಂಕ್ ಪರವಾನಗಿಯನ್ನು ಪ್ರಕಾಶಕರು ನಿರಾಕರಿಸಬಹುದು, ತಮಗೆ ತೋಚಿದ ದರವನ್ನೂ ಕೇಳಬಹುದು. ಯೂಟ್ಯೂಬ್ ಅನೇಕ ಪ್ರಕಾಶಕರೊಡನೆ ಒಪ್ಪಂದ ಮಾಡಿಕೊಂಡಿರುವುದರಿಂದ ಕವರ್ ವಿಡಿಯೊ ಅಲ್ಲಿ ಹಾಗೆಯೇ ಉಳಿದು, ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುವುದುಂಟು. ಆ ಅನುಕೂಲ ಅಲ್ಲಿಗಷ್ಟೇ ಸೀಮಿತ. ಅದೇ ವಿಡಿಯೊವನ್ನು ಬೇರೆ ಕಡೆ ಬಳಸಲು ಅದು ಪರವಾನಗಿಯಾಗದು. ಸಾಹಿತ್ಯವನ್ನು ಬದಲಿಸಿದರೆ ಅಥವಾ ಅನುವಾದಿಸಿದರೆ ಪ್ರಕಾಶಕರ ಪ್ರತ್ಯೇಕ ಅನುಮತಿ ಬೇಕು. ‘ಹಕ್ಕು ಮೂಲ ಮಾಲೀಕರದು’ ಎಂದು ಕೆಳಗೆ ಬರೆಯುವುದು ಸೌಜನ್ಯವೇ ಹೊರತು ಅನುಮತಿಯಲ್ಲ.

ವೇದಿಕೆಯ ಮೇಲೆ ಹಾಡುವುದಕ್ಕೆ ಅಮೆರಿಕದ ಆಸ್ಕ್ಯಾಪ್, ಬ್ರಿಟನ್ನಿನ ಪಿಆರ್‌ಎಸ್, ಭಾರತದ ಐಪಿಆರ್‌ಎಸ್‌ನಂತಹ ಸಂಘಗಳು ಪರವಾನಗಿ ನೀಡುತ್ತವೆ. ಸಭಾಂಗಣದವರು ಅದನ್ನು ಪಡೆದಿದ್ದಾರೆಯೇ ಎಂದು ಮೊದಲೇ ವಿಚಾರಿಸಿ.

ಹಾಡು ಹಳೆಯದೆಂದು ಧೈರ್ಯ ಮಾಡಬೇಡಿ. ಬರ್ನ್ ಎಂಬ ಅಂತರರಾಷ್ಟ್ರೀಯ ಕೃತಿಸ್ವಾಮ್ಯ ಒಪ್ಪಂದದ ಪ್ರಕಾರ ರಚನೆಯ ರಕ್ಷಣೆ ಲೇಖಕರ ಮರಣಾನಂತರ ಕನಿಷ್ಠ 50 ವರ್ಷ. ಭಾರತದಲ್ಲಿ 60, ಯುರೋಪಿನ ಒಕ್ಕೂಟದಲ್ಲಿ 70. ಧ್ವನಿಮುದ್ರಣದ ಅವಧಿಯ ಲೆಕ್ಕವೇ ಬೇರೆ.

ಪ್ರಕಾಶಕರು ಯಾರೆಂಬುದನ್ನು ಮೇಲೆ ಹೇಳಿದ ಐಪಿಆರ್‌ಎಸ್‌ನಂತಹ ಸಂಘಗಳ ಜಾಲತಾಣದ ಹುಡುಕಾಟದಲ್ಲಿ ಹಾಡಿನ ಹೆಸರು ಮತ್ತು ರಚನಕಾರರ ಹೆಸರು ಕೊಟ್ಟು ತಿಳಿಯಬಹುದು. ಮೂವರ ಪಾಲಿದ್ದರೆ ಸಿಂಕ್ ಪರವಾನಗಿಗೆ ಮೂವರನ್ನೂ ಕೇಳಬೇಕಾಗುತ್ತದೆ. ಪತ್ರದಲ್ಲಿ ವಿಡಿಯೊ ಎಲ್ಲಿ, ಎಷ್ಟು ಕಾಲ ಇರುತ್ತದೆ, ಅದರಿಂದ ಹಣ ಬರುತ್ತದೆಯೇ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ.