ಮಾರಾಟಕ್ಕೆ ಹೊಲಿದ ಬಟ್ಟೆಯಲ್ಲಿ ಮೆಕಾಂಗ್ ನದಿ

ಪ್ರಶ್ನೆ: ಅಮೆರಿಕದ ಸೇಂಟ್ ಪಾಲ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಹ್ಮಾಂಗ್ ಜನರ ಕಸೂತಿ ಬಟ್ಟೆಯೊಂದನ್ನು ಕಂಡೆ. ವಿಮಾನಗಳು, ಬಂದೂಕು ಹಿಡಿದ ಸೈನಿಕರು, ಹೊಳೆಗೆ ಇಳಿಯುತ್ತಿರುವ ಮಂದಿ, ಎಲ್ಲವನ್ನೂ ಬಣ್ಣದ ದಾರದಲ್ಲಿ ಬಿಡಿಸಿದ್ದರು. ಇಂಥವನ್ನು ನಿರಾಶ್ರಿತರ ಶಿಬಿರಗಳಲ್ಲಿ ಮಾರಾಟಕ್ಕೆಂದೇ ಹೊಲಿಯುತ್ತಿದ್ದರಂತೆ. ಮಾರಲು ಮಾಡಿದ್ದನ್ನು ಅವರ ನೋವಿನ ಕಲೆ ಎನ್ನಬಹುದೆ?
— ಓದುಗರೊಬ್ಬರು, ಧಾರವಾಡ

ಉತ್ತರ: ಎನ್ನಬಹುದು. ಹಾಗೆಂದು ಮಾರಾಟವು ಆ ಕಲೆಯನ್ನು ಮುಟ್ಟಲೇ ಇಲ್ಲವೆಂದು ಹೇಳುವಂತಿಲ್ಲ. ನೀವು ಕಂಡ ರೂಪ ಬೆಳೆದದ್ದೇ ಆ ಅಗತ್ಯದಿಂದ.

ಲಾವೋಸಿನ ಬೆಟ್ಟಗಳಲ್ಲಿದ್ದ ಹ್ಮಾಂಗ್ ಹೆಂಗಸರು ತಲೆಮಾರುಗಳಿಂದ ಹಾಕುತ್ತಿದ್ದ ಕಸೂತಿಗೆ ‘ಪಾಂಡೌ’, ಅಂದರೆ ಹೂಬಟ್ಟೆ, ಎಂದು ಹೆಸರು. ಹಬ್ಬದ ಉಡುಪಿನ ಮೇಲೂ ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವ ಬಟ್ಟೆಯ ಮೇಲೂ ಚೌಕ, ಸುರುಳಿ, ಬಸವನಹುಳುವಿನ ಚಿಪ್ಪಿನಂಥ ವಿನ್ಯಾಸಗಳು ಇರುತ್ತಿದ್ದವೇ ಹೊರತು ಮನುಷ್ಯರ ಚಿತ್ರಗಳು ಇರುತ್ತಿರಲಿಲ್ಲ. 1960ರ ದಶಕದಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಸಾವಿರಾರು ಹ್ಮಾಂಗ್ ಗಂಡಸರನ್ನು, ಎಳೆಯ ಹುಡುಗರನ್ನೂ ಸಹ, ಕಮ್ಯುನಿಸ್ಟ್ ಪಡೆಗಳ ವಿರುದ್ಧ ಹೋರಾಟಕ್ಕೆ ಇಳಿಸಿತು. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಲಾವೋಸಿನ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿದವು. 1975ರಲ್ಲಿ ಕಮ್ಯುನಿಸ್ಟರು ಗೆದ್ದಾಗ ದೇಶ ಬಿಟ್ಟು ಹೋಗುವ ವಿಮಾನದಲ್ಲಿ ಜಾಗ ಸಿಕ್ಕಿದ್ದು ಕೆಲವರಿಗಷ್ಟೆ. ಉಳಿದವರಲ್ಲಿ ಬಹಳ ಮಂದಿ ಕಾಡಿನಲ್ಲಿ ಅಡಗುತ್ತ ನಡೆದು, ಬಿದಿರನ್ನೋ ಗಾಳಿ ತುಂಬಿದ ಟ್ಯೂಬನ್ನೋ ನೆಚ್ಚಿ, ಮೆಕಾಂಗ್ ದಾಟಿ ಥಾಯ್ಲೆಂಡ್ ಸೇರಲು ಹೊರಟರು. ಎಷ್ಟೋ ಜನ ಆ ದಡ ಮುಟ್ಟಲಿಲ್ಲ.

ಥಾಯ್ಲೆಂಡಿನಲ್ಲಿ 1975ರಿಂದ 1992ರವರೆಗೆ ನಡೆದ ಬಾನ್ ವಿನಾಯ್ ಮುಂತಾದ ನಿರಾಶ್ರಿತರ ಶಿಬಿರಗಳಲ್ಲಿ ಉಳಲು ತಮ್ಮದೆನ್ನುವ ಹೊಲವಿರಲಿಲ್ಲ, ಕೈಗೆ ಬೇರೆ ಕೆಲಸವೂ ಹೆಚ್ಚಿರಲಿಲ್ಲ. ಚಿತ್ರಕಥೆಯ ಬಟ್ಟೆ ರೂಪುಗೊಂಡದ್ದು ಅಲ್ಲಿ. ಅನೇಕ ವೇಳೆ ಗಂಡಸರು ಗೆರೆ ಎಳೆದುಕೊಟ್ಟರೆ ಹೆಂಗಸರು ದಾರ ತುಂಬುತ್ತಿದ್ದರು; ಸೂಜಿ ಹಿಡಿದ ಗಂಡಸರೂ ಇದ್ದರು. ಪರದೇಶದ ಗ್ರಾಹಕರಿಗೆ ಒಪ್ಪುವಂತೆ ಬಣ್ಣಗಳನ್ನು ತಗ್ಗಿಸಿದರು, ಗೋಡೆಗೆ ತೂಗುಹಾಕುವ ಅಳತೆಗೆ ಕತ್ತರಿಸಿದರು, ಕೆಲವೊಮ್ಮೆ ಇಂಗ್ಲಿಷ್ ವಾಕ್ಯಗಳನ್ನೂ ಹೊಲಿದರು. ನಿಮ್ಮ ಅನುಮಾನಕ್ಕೆ ಇಷ್ಟರಮಟ್ಟಿಗೆ ಆಧಾರವಿದೆ.

ಆದರೆ ಪ್ರಾಣಿಗಳ ಚಿತ್ರಗಳೂ ಜನಪದ ಕಥೆಗಳೂ ಇದ್ದ ಬಟ್ಟೆಗಳನ್ನು ಸಹ ಅವರು ಹೊಲಿದು ಮಾರುತ್ತಿದ್ದರು. ಹೊಟ್ಟೆಪಾಡಿಗೆ ಅಷ್ಟೇ ಸಾಕೆಂದು ನಿಲ್ಲಿಸಬಹುದಿತ್ತು. ಹಾಗಿದ್ದೂ ಆ ನದಿ ಮತ್ತೆ ಮತ್ತೆ ಬರುತ್ತದೆ. ಹ್ಮಾಂಗ್ ಭಾಷೆಗೆ ರೋಮನ್ ಲಿಪಿ ಹೊಂದಿಸಿದ್ದೇ 1950ರ ದಶಕದ ಆರಂಭದಲ್ಲಿ. ಓದುಬರಹ ಸಿಗದ ಎಷ್ಟೋ ತಾಯಂದಿರಿಗೆ ತಮ್ಮ ಮೇಲೆ ನಡೆದದ್ದನ್ನು ದಾಖಲಿಸಲು ಕೈಯಲ್ಲಿದ್ದದ್ದು ಸೂಜಿಯೇ. ಗ್ರಾಹಕರು ಬಣ್ಣವನ್ನು ಬದಲಿಸಿರಬಹುದು, ನದಿಯನ್ನು ದಾಟಿದವರು ಇವರೇ. ಒಬ್ಬ ಹೆಂಗಸು ತನ್ನ ಮಕ್ಕಳ ಊಟಕ್ಕಾಗಿ ಆ ದಾಟುವಿಕೆಯನ್ನು ಹೊಲಿದಳೆಂದ ಮಾತ್ರಕ್ಕೆ ಅದರ ಸತ್ಯ ಕಡಿಮೆಯಾಗುತ್ತದೆಂದು ನಾನು ಒಪ್ಪಲಾರೆ.

ಈ ಬಟ್ಟೆಗಳಲ್ಲಿ ಹಳ್ಳಿ, ದಾಳಿ, ಕಾಡು, ನದಿ, ಶಿಬಿರ ಎಲ್ಲವೂ ಒಂದೇ ಹರವಿನಲ್ಲಿ ಇರುವುದರಿಂದ ನೋಡುವವರ ಕಣ್ಣು ಅವರ ದಾರಿಯನ್ನೇ ನಡೆದು ಬರಬೇಕಾಗುತ್ತದೆ. ಕೆಲವು ಬಟ್ಟೆಗಳಲ್ಲಿ ಊರಿನ ಮೇಲೆ ಬಾಂಬು ಹಾಕುವ ವಿಮಾನವೂ ಇರುತ್ತದೆ, ಕೊನೆಗೆ ಅವರನ್ನು ಅಮೆರಿಕಕ್ಕೆ ಕರೆದೊಯ್ಯುವ ವಿಮಾನವೂ ಇರುತ್ತದೆ. ನೀವು ಕಂಡದ್ದು ಇವೆರಡರಲ್ಲಿ ಯಾವುದೆಂದು ಮುಂದಿನ ಸಲ ಹೋದಾಗ ದಯವಿಟ್ಟು ನೋಡಿ.